ಹಳೆ ಪಿಕಪ್ಪಿನ ಆಯಿಲ್, ಡೀಸೆಲಿನ ಗಂಧಕ

ಹಳೆಯ ಡೀಸೆಲ್ ಪಿಕಪ್ಪಿಗೆ ಐದು ಸಾವಿರ ಕಿಲೋಮೀಟರಿಗೊಮ್ಮೆ ಎಂಜಿನ್ ಆಯಿಲ್ ಬದಲಿಸಲೇಬೇಕು ಎನ್ನುವ ಮಾತು ದಖ್ಖನಿನ ಗ್ಯಾರೇಜುಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಹೊಸ ಗಾಡಿಗಳು ಅದರ ಎರಡು ಮೂರು ಪಟ್ಟು ದೂರವನ್ನು ಅದೇ ಆಯಿಲಿನಲ್ಲಿ ಓಡುವುದನ್ನು ಕಂಡವರು ಇದನ್ನು ಮೇಸ್ತ್ರಿಗಳ ಮೂಢನಂಬಿಕೆ ಎಂದೋ ಆಯಿಲ್ ಅಂಗಡಿಯವರ ಆಸೆ ಎಂದೋ ತಳ್ಳಿಹಾಕುತ್ತಾರೆ. ಇವೆರಡೂ ಸರಿಯಲ್ಲ. ಆ ಲೆಕ್ಕವನ್ನು ಹಾಕಿಕೊಟ್ಟದ್ದು ಮೇಸ್ತ್ರಿಯೂ ಅಲ್ಲ, ಅಂಗಡಿಯೂ ಅಲ್ಲ. ಆ ಕಾಲದ ಡೀಸೆಲಿನಲ್ಲಿದ್ದ ಗಂಧಕ. ಹೈದರಾಬಾದಿನ ಕುಷಾಯಿಗೂಡದಂಥ ಕಡೆ ನಿಂತು ನೋಡಿದರೆ ಈ ಗಾಡಿಗಳ ಅಗತ್ಯ ಸ್ಪಷ್ಟವಾಗುತ್ತದೆ. 1967ರಲ್ಲಿ ಹುಟ್ಟಿದ ಸರಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್ ಒಂದು ಬದಿಗೆ, ಚೆರ್ಲಪಲ್ಲಿಯ ಕೈಗಾರಿಕಾ ಪ್ರದೇಶ ಇನ್ನೊಂದು ಬದಿಗೆ. ನಡುವಿನ ಸಣ್ಣಪುಟ್ಟ ಕಾರ್ಖಾನೆಗಳ ಸರಕು ಸಾಗಬೇಕಾದರೆ ಲಾರಿ ದೊಡ್ಡದಾಯಿತು, ಆಟೊ ಸಣ್ಣದಾಯಿತು. ಪಿಕಪ್ಪಿನ ಬಾಳು ಇರುವುದೇ ಇಂಥ ಊರುಗಳಲ್ಲಿ.

ಈ ಬಗೆಯ ಹಗುರ ಸರಕು ಗಾಡಿಗಳು ನಮ್ಮಲ್ಲಿ ಹೆಚ್ಚಿದ್ದು 1980ರ ದಶಕದಲ್ಲಿ. ಜಪಾನಿನ ಕಂಪನಿಗಳ ಜೊತೆ ಕೈಜೋಡಿಸಿ ನಾಲ್ಕು ಕಾರ್ಖಾನೆಗಳು ಎದ್ದವು. ಅವುಗಳಲ್ಲಿ ಒಂದು ಹೈದರಾಬಾದ್ ಆಲ್ವಿನ್ ಮತ್ತು ನಿಸಾನ್ ಸೇರಿ ಜಹೀರಾಬಾದಿನಲ್ಲಿ ಕಟ್ಟಿದ್ದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಗೇ ಸೇರಿದ್ದ ಊರು ಅದು. ಕನ್ನಡದ ಮಾತು ಅಲ್ಲಿನ ಹಳ್ಳಿಗಳಲ್ಲಿ ಇಂದಿಗೂ ಕೇಳುತ್ತದೆ. 1986ರಲ್ಲಿ ಟಾಟಾ 407, ಎರಡು ವರ್ಷದ ನಂತರ ಟಾಟಾಮೊಬೈಲ್ ಪಿಕಪ್ ಬಂದವು. ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಸರಕು ಹೊತ್ತ ಗಾಡಿಗಳೂ, ಕುಷಾಯಿಗೂಡದ ಒಳರಸ್ತೆಯಲ್ಲಿ ಓಡಿದ ಗಾಡಿಗಳೂ ಒಂದೇ ಬಗೆಯ ಡೀಸೆಲ್ ಕುಡಿದವು.

ಆ ಡೀಸೆಲಿನಲ್ಲಿ ಏನಿತ್ತು ಎಂಬುದೇ ಇಲ್ಲಿ ಮುಖ್ಯ. 1990ರ ದಶಕದ ನಡುವಿನವರೆಗೂ ಭಾರತದ ಡೀಸೆಲಿನಲ್ಲಿ ನೂರಕ್ಕೆ ಒಂದು ಪಾಲಿನವರೆಗೆ, ಅಂದರೆ ಹತ್ತು ಲಕ್ಷದಲ್ಲಿ 10,000 ಭಾಗದಷ್ಟು ಗಂಧಕಕ್ಕೆ ಅವಕಾಶವಿತ್ತು. ಗಂಧಕ ಉರಿದಾಗ ಹುಟ್ಟುವ ಅನಿಲ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ ನುಸುಳಿ ಆಯಿಲ್ ಚೇಂಬರಿಗೆ ಇಳಿಯುತ್ತದೆ, ಅಲ್ಲಿನ ನೀರಾವಿಯೊಂದಿಗೆ ಬೆರೆತು ಗಂಧಕಾಮ್ಲವಾಗುತ್ತದೆ. ಬೇರಿಂಗನ್ನೂ ಲೈನರನ್ನೂ ತಿನ್ನುವುದು ಅದೇ. ಇದನ್ನು ತಡೆಯಲು ಆಯಿಲಿನಲ್ಲಿ ಕ್ಯಾಲ್ಸಿಯಂ ಮೊದಲಾದವುಗಳ ಕ್ಷಾರ ಬೆರೆಸಿರುತ್ತಾರೆ. ಆಮ್ಲ ಬಂದಷ್ಟೂ ಕ್ಷಾರ ಖರ್ಚಾಗುತ್ತದೆ. ಕ್ಷಾರ ತೀರಿದ ದಿನ ಆಯಿಲ್ ಕಣ್ಣಿಗೆ ಚೆನ್ನಾಗಿ ಕಂಡರೂ ಎಂಜಿನ್ನಿಗೆ ಕಾವಲಿಲ್ಲ. ಡಿಪ್‌ಸ್ಟಿಕ್ ಎಳೆದು, ತುದಿಯ ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡುವ ಮೇಸ್ತ್ರಿಗೆ ಕರಕರ ತರಿ ಗೊತ್ತಾಗುತ್ತದೆ, ಡೀಸೆಲ್ ಬೆರೆತು ತೆಳುವಾದದ್ದು ಗೊತ್ತಾಗುತ್ತದೆ. ಆಮ್ಲ ಮಾತ್ರ ಬೆರಳಿಗೆ ಸಿಗುವುದಿಲ್ಲ. ಬಣ್ಣವನ್ನೂ ನಂಬುವಂತಿಲ್ಲ: ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಡೀಸೆಲ್ ಆಯಿಲಿನ ಕೆಲಸವಾದ್ದರಿಂದ ಹಾಕಿದ ಕೆಲವೇ ದಿನಕ್ಕೆ ಅದು ಕಪ್ಪಾಗುತ್ತದೆ. ಕಣ್ಣು, ಬೆರಳು ಎರಡೂ ಸೋಲುವ ಕಡೆ ಮೀಟರಿನ ಅಂಕಿಯನ್ನು ನೆಚ್ಚಿಕೊಂಡದ್ದು ಅಜ್ಞಾನವಲ್ಲ, ವಿವೇಕ. ಗಂಧಕ ಹೆಚ್ಚಿರುವ ಇಂಧನ ಬಳಸುವಾಗ ಆಯಿಲ್ ಬೇಗ ಬದಲಿಸಿ ಎಂದು ವಿದೇಶದ ಎಂಜಿನ್ ತಯಾರಕರೂ ಹೇಳುತ್ತಿದ್ದರು.

ಧೂಳು ಮತ್ತು ಹೆಚ್ಚುವರಿ ಲೋಡೇ ನಿಜವಾದ ಕಾರಣ ಎನ್ನುವವರಿದ್ದಾರೆ. ಅವು ಕಾರಣಗಳಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮ ರಸ್ತೆಯ ಧೂಳೂ, ಒಂದೂವರೆ ಟನ್ನಿನ ಗಾಡಿಗೆ ಎರಡೂವರೆ ಟನ್ ತುಂಬುವ ರೂಢಿಯೂ ಇಂದಿಗೂ ಇವೆ. ಅವೇ ಮುಖ್ಯವಾಗಿದ್ದರೆ ಅವಧಿ ಹೀಗೆ ಉದ್ದವಾಗುತ್ತಲೇ ಇರಲಿಲ್ಲ. ಆಯಿಲೇ ಸುಧಾರಿಸಿತಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 1990ರ ದಶಕದಲ್ಲಿ ಆಯಿಲ್ ಮಾರುಕಟ್ಟೆ ತೆರೆದುಕೊಂಡ ಮೇಲೆ ಒಳ್ಳೆಯ ದರ್ಜೆಯ ಡಬ್ಬಿಗಳು ಬಿಡಿಭಾಗದ ಅಂಗಡಿಗಳಿಗೂ ಬಂದವು, ನಿಜ. ಆದರೂ ಒಳ್ಳೆಯ ಆಯಿಲಿನ ಕ್ಷಾರವನ್ನೂ ಗಂಧಕ ಬೇಗ ತಿಂದು ಮುಗಿಸುತ್ತದೆ. ತಿನ್ನುವುದು ಕಡಿಮೆಯಾದದ್ದು ಸಂಸ್ಕರಣಾಗಾರಗಳಲ್ಲಿ. 2000ದ ಹೊತ್ತಿಗೆ ದೇಶದ ಡೀಸೆಲಿನಲ್ಲಿ ಗಂಧಕ ನೂರಕ್ಕೆ ಕಾಲು ಪಾಲಿಗೆ ಇಳಿಯಿತು. ಹೈದರಾಬಾದಿಗೆ 2005ರಲ್ಲಿ ಹತ್ತು ಲಕ್ಷಕ್ಕೆ 350 ಭಾಗದ ಡೀಸೆಲ್, 2010ರಲ್ಲಿ 50 ಭಾಗದ್ದು ಬಂತು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6 ಮಾನದಂಡದ ಡೀಸೆಲ್, ಅಂದರೆ ಗಂಧಕ ಬರೀ 10 ಭಾಗ. ಇಪ್ಪತ್ತೈದು ವರ್ಷದಲ್ಲಿ ಸಾವಿರ ಪಟ್ಟು ಇಳಿಕೆ! ಇಷ್ಟು ದೊಡ್ಡ ಬದಲಾವಣೆ ಆಯಿಲಿನಲ್ಲೂ ಆಗಿಲ್ಲ, ಎಂಜಿನ್ನಿನಲ್ಲೂ ಆಗಿಲ್ಲ. ಹೊಸ ದರ್ಜೆಯ ಕೆಲವು ಡೀಸೆಲ್ ಆಯಿಲುಗಳಲ್ಲಿ ಬೂದಿ ಕಡಿಮೆ ಇರಬೇಕೆಂದು ಕ್ಷಾರವನ್ನೇ ತಗ್ಗಿಸಿದ್ದಾರೆ. ಇಂಧನ ಶುದ್ಧವಾಗದಿದ್ದರೆ ಆ ಧೈರ್ಯ ಯಾರೂ ಮಾಡುತ್ತಿರಲಿಲ್ಲ.

ಹಾಗಾದರೆ ಇಂದು ಹಳೆ ಪಿಕಪ್ಪಿನ ಮಾಲೀಕ ಹದಿನೈದು ಸಾವಿರ ಕಿಲೋಮೀಟರ್ ನಿಶ್ಚಿಂತೆಯಿಂದ ಓಡಿಸಬಹುದೇ? ಇಲ್ಲ. ಬದಲಾದದ್ದು ಇಂಧನ, ಹಳೆ ಎಂಜಿನ್ ಅಲ್ಲ: ಅದರ ರಿಂಗುಗಳು ಸವೆದಿರಬಹುದು, ಇಂಜೆಕ್ಟರು ಸೋರುತ್ತಿರಬಹುದು, ಮಸಿಯೂ ಹೆಚ್ಚು. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಇಳಿಯುವ ಬದಲು ಏರಿದ್ದರೆ ಡೀಸೆಲ್ ಬೆರೆತಿರಬಹುದೆಂದು ತಿಳಿದು, ಕಿಲೋಮೀಟರ್ ಎಷ್ಟೇ ಆಗಿರಲಿ ಬದಲಿಸಬೇಕು. ಆದರೆ ಎಂಜಿನ್ ಆರೋಗ್ಯವಾಗಿದ್ದರೆ ಐದು ಸಾವಿರದ ಲೆಕ್ಕಕ್ಕೆ ಅಂಟಿಕೊಳ್ಳಬೇಕಾಗಿಲ್ಲ. ಗಾಡಿಯ ಪುಸ್ತಕ ಹೇಳಿದ ಅವಧಿ ಸಾಕು. ಇದು ಬರೀ ಹಣದ ಮಾತಲ್ಲ. ಡ್ರೈನ್ ನಟ್ ಬಿಚ್ಚಿದಾಗಲೆಲ್ಲ ಐದಾರು ಲೀಟರ್ ಸುಟ್ಟ ಆಯಿಲ್ ಇಳಿಯುತ್ತದೆ. ನಮ್ಮ ಊರುಗಳಲ್ಲಿ ಅದು ಸೆಂಟ್ರಿಂಗ್ ಹಲಗೆಗೆ, ಗೆದ್ದಲು ಹಿಡಿಯದಂತೆ ಬೇಲಿಯ ಕಂಬಕ್ಕೆ, ಇಲ್ಲವೇ ಚರಂಡಿಗೆ ಹೋಗುತ್ತದೆ. ಚರಂಡಿಗೆ ಹೋದದ್ದು ಕೆರೆಗೂ ಸೇರಬಹುದು; ಕುಷಾಯಿಗೂಡದ ಪಕ್ಕದಲ್ಲೇ ಕಾಪ್ರಾ ಕೆರೆಯಿದೆ. ಬಳಸಿದ ಆಯಿಲನ್ನು ಅಪಾಯಕಾರಿ ತ್ಯಾಜ್ಯವೆಂದು ಕಾನೂನು ಎಂದೋ ಗುರುತಿಸಿದೆ. ಅದನ್ನು ಮರಳಿ ಸಂಸ್ಕರಣೆಗೆ ಸೇರಿಸುವ ಹೊಣೆಯನ್ನು ಆಯಿಲ್ ತಯಾರಿಸುವ ಕಂಪನಿಗಳ ಮೇಲೆ ಹೊರಿಸಿದ ನಿಯಮ ಜಾರಿಗೆ ಬಂದದ್ದು 2024ರ ಏಪ್ರಿಲ್ 1ರಂದು. ಆ ಹೊಣೆ ಕಂಪನಿಯ ಕಾಗದದಿಂದ ಗ್ಯಾರೇಜಿನ ಬಾಗಿಲಿನ ಡ್ರಮ್ಮಿಗೆ ಇನ್ನೂ ತಲುಪಬೇಕಿದೆ.