ಕೋಲು ಹೇಳಿದ್ದೆಷ್ಟು, ಮಡಕೆಯಲ್ಲಿದ್ದೆಷ್ಟು? ಹೆಂಡ-ಸಾರಾಯಿ ಅಳೆದ ಕತೆ

ಮಳೆಗಾಲ ಬಂತೆಂದರೆ ನಂಜನಗೂಡು, ತಿ.ನರಸೀಪುರ ಕಡೆಯ ಫೋನುಗಳಿಗೆಲ್ಲ ಬೆಳಿಗ್ಗೆ ಮೊದಲು ಬರುವ ಸುದ್ದಿ ಅಣೆಕಟ್ಟೆಯದು. ಕೆಆರ್‌ಎಸ್ ಇಷ್ಟು ಅಡಿ, ಕಬಿನಿ ಇಷ್ಟು ಅಡಿ. ಕೆಆರ್‌ಎಸ್ ತುಂಬಿದರೆ 124.80 ಅಡಿ. ಹಾಗಾದರೆ 100 ಅಡಿ ಇದ್ದಾಗ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಿದೆ ಅಂದುಕೊಳ್ಳುತ್ತೇವೆ. ಇಲ್ಲ, ಆಗ ಅರ್ಧವೂ ತುಂಬಿರುವುದಿಲ್ಲ. ಕೆಳಗೆ ಕಿರಿದು, ಮೇಲೆ ಹೋದಷ್ಟೂ ಅಗಲ. ಹಾಗಾಗಿ ಮೇಲಿನ ಒಂದೊಂದು ಅಡಿಗೂ ತೂಕ ಜಾಸ್ತಿ. ಅದಕ್ಕೇ ಅಡಿಯ ಪಕ್ಕದಲ್ಲಿ ಟಿಎಂಸಿ ಅಂತ ಇನ್ನೊಂದು ಲೆಕ್ಕ ಕೊಡುತ್ತಾರೆ.

ಇದೇ ಗೊಂದಲ ಒಂದು ಕಾಲಕ್ಕೆ ಹೆಂಡದ ಮಡಕೆಯಲ್ಲೂ ಸಾರಾಯಿ ಬಾನಿಯಲ್ಲೂ ಇತ್ತು. ಅಲ್ಲಿ ದುಡ್ಡು ಇತ್ತು, ತೆರಿಗೆ ಇತ್ತು, ಜೈಲೂ ಇತ್ತು. ಕಡೆಗೆ ಪ್ರಾಣವೂ ಅದರೊಳಗೆ ಬಂತು.

ಮೊದಲು ಮಡಕೆ ನೋಡೋಣ. ಚೆಂಡಿನ ಹಾಗೆ ದುಂಡಗಿರುವ, 32 ಸೇರು ಹಿಡಿಯುವ ಒಂದು ಮಡಕೆ ಇದೆ ಅಂದುಕೊಳ್ಳಿ. ಒಂದು ಕೋಲು ತಗೊಂಡು ಸಮವಾಗಿ ನಾಲ್ಕು ಗೆರೆ ಹಾಕಿ ಒಳಗೆ ಇಳಿಬಿಟ್ಟಿರಿ. ಗೆರೆಗೆ 8 ಸೇರು ಅಂತ ಲೆಕ್ಕ ಹಾಕಿದರೆ ಮೋಸ ಹೋದಿರಿ. ತಳದಿಂದ ಮೊದಲ ಗೆರೆಯವರೆಗೆ ಹಿಡಿಯುವುದು 5 ಸೇರು ಮಾತ್ರ. ಹೊಟ್ಟೆ ಭಾಗದ ಎರಡು ಗೆರೆಗಳಲ್ಲಿ 11, 11 ಸೇರು. ಕುತ್ತಿಗೆ ಕಡೆ ಮತ್ತೆ 5. ಹೊಟ್ಟೆಯ ಹತ್ತಿರ ಎರಡು ಬೆರಳು ಇಳಿದಿದೆ ಅಂದರೆ, ಕುತ್ತಿಗೆ ಹತ್ತಿರ ಎರಡು ಬೆರಳು ಇಳಿದದ್ದಕ್ಕಿಂತ ಎಷ್ಟೋ ಹೆಚ್ಚು ಖರ್ಚಾಗಿದೆ ಅಂತ ಅರ್ಥ. ಮಡಕೆಯೊಡನೆ ದಿನಾ ಬದುಕುವವರಿಗೆ ಇದು ಕೈಯಳತೆಯಲ್ಲೇ ಗೊತ್ತು. ಗೊತ್ತಿಲ್ಲದವನು ಹೊರಗಿನಿಂದ ಕೋಲು ಹಿಡಿದು ಬಂದವನು.

ಸರಿಯಾದ ಕೋಲು ಮಾಡುವ ದಾರಿ ಒಂದೇ. ಒಂದೊಂದು ಸೇರು ನೀರು ಸುರಿಯುತ್ತಾ ಹೋಗಬೇಕು, ಪ್ರತಿ ಸೇರಿಗೂ ಕೋಲು ಎಲ್ಲಿಯವರೆಗೆ ನೆನೆಯಿತೋ ಅಲ್ಲಿ ಗೆರೆ ಹಾಕಬೇಕು. ಗೆರೆಗಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ದೂರ ದೂರವಾಗಿ ಬೀಳುತ್ತವೆ. ಆ ಕೋಲು ಆ ಮಡಕೆಗೆ ಮಾತ್ರ. ಪಕ್ಕದ ಮಡಕೆಗೆ ಹಾಕಿದರೆ ಸುಳ್ಳು ಹೇಳುತ್ತದೆ.

ದುಂಡನೆಯ ಪಾತ್ರೆಯ ಲೆಕ್ಕ ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಗೋಳದೊಳಗೆ ಎಷ್ಟು ಹಿಡಿಯುತ್ತದೆ ಅನ್ನುವುದಕ್ಕೆ ಅವರು ಎರಡು ಲೆಕ್ಕ ಕೊಡುತ್ತಾರೆ. ಒಂದು ಅಂದಾಜಿನದು, ಒಂದು ಸೂಕ್ಷ್ಮವಾದದ್ದು. ಇವತ್ತಿನ ಲೆಕ್ಕಕ್ಕೆ ಹೋಲಿಸಿದರೆ ಮೊದಲನೆಯದು ನೂರಕ್ಕೆ ಏಳರಷ್ಟು ಹೆಚ್ಚು ತೋರಿಸುತ್ತದೆ, ಎರಡನೆಯದು ನೂರಕ್ಕೆ ಮೂರರಷ್ಟು ಕಡಿಮೆ. ಸಂತೆ ವ್ಯವಹಾರಕ್ಕೆ ಅಷ್ಟು ಧಾರಾಳವಾಗಿ ಸಾಕು. ಆದರೆ ಇದು ಪೂರ್ತಿ ತುಂಬಿದ ಪಾತ್ರೆಯ ಮಾತು. ಅರೆಬರೆ ತುಂಬಿದ್ದರೆ ಏನು ಮಾಡಬೇಕು?

ಯುರೋಪಿನಲ್ಲಿ ಇದೇ ಪ್ರಶ್ನೆ ಒಂದು ಮದುವೆ ಮನೆಯಲ್ಲಿ ಎದ್ದಿತ್ತು. ಗ್ರಹಗಳ ದಾರಿ ಕಂಡುಹಿಡಿದ ಕೆಪ್ಲರ್ 1613ರಲ್ಲಿ, ಆಸ್ಟ್ರಿಯಾದ ಲಿನ್ಜ್ ಪಟ್ಟಣದಲ್ಲಿದ್ದಾಗ, ಎರಡನೇ ಮದುವೆಯಾದ. ಮನೆಗೆ ದ್ರಾಕ್ಷಿ ಮದ್ಯದ ಪೀಪಾಯಿ ತರಿಸಿದ. ವ್ಯಾಪಾರಿ ಬಂದು ಪೀಪಾಯಿಯ ತೂತಿನಲ್ಲಿ ಕೋಲನ್ನು ಓರೆಯಾಗಿ ಇಳಿಸಿ, ಇಷ್ಟು ಉದ್ದ, ಆದ್ದರಿಂದ ಇಷ್ಟು ದುಡ್ಡು ಅಂದ. ಉದ್ದನೆಯ ಪೀಪಾಯಿಗೂ ಕುಳ್ಳ ಪೀಪಾಯಿಗೂ ಒಂದೇ ಕೋಲು ಹೇಗೆ ಸರಿಹೋಗುತ್ತದೆ ಅಂತ ತಲೆಕೆಡಿಸಿಕೊಂಡ ಕೆಪ್ಲರ್ 1615ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದ. ಮುಂದೆ ಬೆಳೆದ ಕಲನಶಾಸ್ತ್ರಕ್ಕೆ ಅದೂ ಒಂದು ಮೆಟ್ಟಿಲು.

ನಮ್ಮ ಕಡೆ ಕೋಲು ಬಂದದ್ದು ಬೇರೆ ಕಾರಣಕ್ಕೆ. ಈಚಲು ಮರದ ಹೆಂಡ ಈ ಸೀಮೆಯಲ್ಲಿ ಬಹಳ ಹಳೆಯದು. ಹನ್ನೆರಡನೇ ಶತಮಾನದ ಶರಣರಲ್ಲೇ ಹೆಂಡದ ಮಾರಯ್ಯ ಇದ್ದರು, ಕಸುಬೇ ಹೆಸರಾಗಿತ್ತು. ಮರ ಹತ್ತಿ ಇಳಿಸುತ್ತಿದ್ದವರು ಹೆಚ್ಚಾಗಿ ಈಡಿಗರು. ಸಾರಾಯಿ ಬೇರೆ. ಬೆಲ್ಲ ಕರಗಿಸಿ, ಬಿಳಿಜಾಲಿ ತೊಗಟೆ ಹಾಕಿ ಕೊಳೆಸಿ, ಆ ಕೊಳೆಯನ್ನು ಒಲೆಯ ಮೇಲಿಟ್ಟು ಆವಿ ಇಳಿಸಿದ್ದು. ಕುಡಿಯುವವನಿಗೆ ಎರಡಕ್ಕೂ ಪಾವು, ಅಚ್ಚೇರು, ಸೇರು. ಒಳಗಿನ ಬಾನಿಯಲ್ಲಿ ಎಷ್ಟಿದೆ ಅನ್ನುವುದು ಅವನಿಗೆ ಬೇಕಿರಲಿಲ್ಲ.

ಆಳುವವರಿಗೂ ಬೇಕಿರಲಿಲ್ಲ. ಟಿಪ್ಪು ಸುಲ್ತಾನ್ ಮದ್ಯವನ್ನೇ ನಿಲ್ಲಿಸಲು ಹೊರಟಿದ್ದ. ಅವನ ನಂತರ ಮತ್ತೆ ಗುತ್ತಿಗೆ ಪದ್ಧತಿ ನಡೆಯಿತು. ಹರಾಜಿನಲ್ಲಿ ಕೂಗಿದವನು ಸರ್ಕಾರಕ್ಕೆ ಇಂತಿಷ್ಟು ಅಂತ ಕಟ್ಟಿದರೆ ಮುಗಿಯಿತು. ಆಮೇಲೆ ಎಷ್ಟು ಕಾಯಿಸಿದ, ಎಷ್ಟು ನೀರು ಬೆರೆಸಿದ, ಯಾರೂ ಕೇಳುತ್ತಿರಲಿಲ್ಲ. ಅಳತೆಯ ಗಲಾಟೆ ಶುರುವಾದದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ, ತೆರಿಗೆ ಗ್ಯಾಲನ್ ಲೆಕ್ಕಕ್ಕೆ ತಿರುಗಿದಾಗ. ಗ್ಯಾಲನ್ ಅಂದರೆ ಸುಮಾರು ನಾಲ್ಕೂವರೆ ಲೀಟರ್. 1901ರಲ್ಲಿ ಮೈಸೂರು ಸಂಸ್ಥಾನದ ಅಬಕಾರಿ ಕಾಯಿದೆ ಬಂತು. ಗ್ಯಾಲನ್ನಿಗೆ ಇಷ್ಟು ಅಂದಮೇಲೆ ಗ್ಯಾಲನ್ ಎಣಿಸಲೇಬೇಕಲ್ಲ? ಬಾನಿಗೆ ಬೀಗ ಬಿತ್ತು, ಕೋಲು ಇಳಿಯಿತು, ಪಕ್ಕದಲ್ಲಿ ಪಟ್ಟಿ ಬಂತು. ಕೋಲು ಇಷ್ಟು ಅಂಗುಲ ನೆನೆದರೆ ಇಷ್ಟು ಗ್ಯಾಲನ್ ಅಂತ ಆ ಪಟ್ಟಿ ಹೇಳುತ್ತದೆ.

ಹೆಂಡ ಮಾತ್ರ ಈ ಕೋಲಿಗೆ ಸಿಗಲಿಲ್ಲ. ಬೆಳಿಗ್ಗೆ ಇಳಿಸಿದ್ದು ಮಧ್ಯಾಹ್ನಕ್ಕೆ ನೊರೆಯೆದ್ದು ಮೇಲೆ ಬಂದಿರುತ್ತದೆ, ನಾಳೆಗೆ ಹುಳಿ. ನೊರೆಯನ್ನು ಅಳೆಯುವುದೋ, ಕೆಳಗಿನ ದ್ರವವನ್ನೋ? ಬೀಗ ಹಾಕಿ ಇಡುವಂತೆಯೂ ಇಲ್ಲ. ಹಾಗಾಗಿ ಹೆಂಡ ಬಿಟ್ಟು ಮರ ಎಣಿಸಿ, ಮರಕ್ಕೆ ಇಷ್ಟು ಅಂತ ತೆರಿಗೆ ಹಾಕಿದರು. ನನಗಂತೂ ಇದು ಸರ್ಕಾರಿ ಕಡತಗಳಲ್ಲಿ ಅಪರೂಪಕ್ಕೆ ಕಾಣುವ ಬುದ್ಧಿವಂತಿಕೆ ಅನ್ನಿಸುತ್ತದೆ.

ಸಾರಾಯಿಯಲ್ಲಿ ಇನ್ನೊಂದು ತೊಡಕು. ಕೋಲು ಎಷ್ಟಿದೆ ಅಂತ ಹೇಳುತ್ತದೆ, ಏನಿದೆ ಅಂತ ಹೇಳುವುದಿಲ್ಲ. ನಾಲ್ಕು ಸೇರು ಕದ್ದು ನಾಲ್ಕು ಸೇರು ನೀರು ಸುರಿದರೆ ಕೋಲಿನ ಗೆರೆ ಅಲ್ಲೇ ನಿಲ್ಲುತ್ತದೆ. ಅದಕ್ಕೆ ಬಂದದ್ದು ಸೈಕ್ಸ್ ಎಂಬ ಇಂಗ್ಲಿಷಿನವನ ಹೆಸರಿನ ತೇಲುಮಾಪಕ. 1816ರಲ್ಲಿ ಬ್ರಿಟನ್ ಅದನ್ನು ಕಾಯಿದೆಯಲ್ಲೇ ಸೇರಿಸಿತು, ಅಲ್ಲಿಂದ ಇಂಡಿಯಾಕ್ಕೂ ಬಂತು. ಹಿತ್ತಾಳೆ ಗುಂಡು, ಮೇಲೊಂದು ಗೆರೆ ಹಾಕಿದ ಕಡ್ಡಿ, ಕೆಳಗೆ ಸಿಕ್ಕಿಸುವ ತೂಕಗಳು. ಸಾರಾಯಿ ನೀರಿಗಿಂತ ಹಗುರ, ಆದ್ದರಿಂದ ಮದ್ಯಸಾರ ಹೆಚ್ಚಿದ್ದರೆ ಗುಂಡು ಹೆಚ್ಚು ಮುಳುಗುತ್ತದೆ, ನೀರು ಬೆರೆತಷ್ಟೂ ಮೇಲೆ ಬರುತ್ತದೆ. ನೂರು ಡಿಗ್ರಿ ಪ್ರೂಫ್ ಅಂದರೆ ಅಳತೆಯಲ್ಲಿ ನೂರಕ್ಕೆ 57.1 ಭಾಗ ಮದ್ಯಸಾರ. ಇವತ್ತಿಗೂ ಬಾರಿನ ಬಾಟಲಿಯ ಮೇಲೆ 42.8 ಅನ್ನುವ ವಿಚಿತ್ರ ಅಂಕಿ ಕಾಣುತ್ತದಲ್ಲ, ಅದು ಹಳೆಯ 75 ಡಿಗ್ರಿ ಪ್ರೂಫ್‌ನ ಲೆಕ್ಕ.

ಡೇರಿಗೆ ಹಾಲು ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲ್ಯಾಕ್ಟೋಮೀಟರ್ ಇದೇ ಕುಟುಂಬದ್ದು. ಹಾಲು ತಣ್ಣಗೆ ಇಡುವ ದೊಡ್ಡ ಟ್ಯಾಂಕಿಗೂ ಉದ್ದನೆಯ ಅಳತೆ ಕಡ್ಡಿ, ಅದರ ಜೊತೆ ಲೀಟರ್ ಪಟ್ಟಿ ಇರುತ್ತದೆ. ಟ್ಯಾಂಕು ಬದಲಾದರೆ ಪಟ್ಟಿಯೂ ಬದಲಾಗಬೇಕು.

ಸ್ವಾತಂತ್ರ್ಯದ ನಂತರ ರಾಜ್ಯದ ಹಲವು ಜಿಲ್ಲೆಗಳಲ್ಲಿ ಪಾನನಿಷೇಧ ಬಂತು. 1967ರಲ್ಲಿ ಅದನ್ನು ತೆಗೆದರು. ಆ ವರ್ಷಗಳಲ್ಲಿ ಕಾಯಿಸುವುದು ನಿಲ್ಲಲಿಲ್ಲ, ಹಳ್ಳಕ್ಕೆ, ತಿಪ್ಪೆಗೆ, ಕಬ್ಬಿನ ಗದ್ದೆಗೆ ಹೋಯಿತು. ಕೋಲಿನ ಜಾಗಕ್ಕೆ ಮಹಜರು ಬಂತು. ಇಷ್ಟು ಲೀಟರ್ ಬೆಲ್ಲದ ಕೊಳೆ ನಾಶಪಡಿಸಲಾಯಿತು ಅಂತ ಇವತ್ತಿಗೂ ಪೇಪರಿನಲ್ಲಿ ಓದುತ್ತೇವೆ. ಹೂತಿಟ್ಟ ಮಡಕೆ, ಅರ್ಧ ನೊರೆ, ತಳದಲ್ಲಿ ನಾಲ್ಕು ಬೆರಳು ಗಸಿ. ಅದನ್ನು ಕಣ್ಣಂದಾಜಿನಲ್ಲಿ ಬರೆದರೆ ಅಂಕಿ ಎತ್ತ ಬೇಕಾದರೂ ಹೋಗಬಹುದು. ಸಿಕ್ಕಿಬಿದ್ದವನ ಕೇಸು ಎಷ್ಟು ದೊಡ್ಡದು ಅನ್ನುವುದು ಆ ಅಂಕಿಯ ಜೊತೆ ಬೆಳೆಯುತ್ತದೆ. ಮೇಲೆ ಹೇಳಿದ 5, 11, 11, 5ರ ಲೆಕ್ಕ ಇಲ್ಲಿ ಬರೀ ಗಣಿತ ಅಲ್ಲ.

ಆಮೇಲೆ ಪ್ಯಾಕೆಟ್ ಸಾರಾಯಿ ಬಂತು. ಅಳತೆ ಮಡಕೆಯಿಂದ ಪ್ಲಾಸ್ಟಿಕ್ ಕವರಿಗೆ ಹೋಯಿತು, ಕೂಲಿ ಕೈಸೇರುವ ಮೊದಲೇ ಅಂಗಡಿಯ ಲೆಕ್ಕ ಮುಗಿಯುತ್ತಿತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿದೆ. ಪರವಾನಗಿ ಇಲ್ಲದೆ ಮನೆಯಲ್ಲಿ ಕಾಯಿಸುವುದು ಅಪರಾಧ. ಇತ್ತ ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆಯ ಜೊತೆಗೇ ಡಿಸ್ಟಿಲರಿ ಇದೆ, ನಂಜನಗೂಡಿನಲ್ಲೇ ಬಿಯರ್ ಕಾರ್ಖಾನೆಯೂ ಇದೆ.

ಈಗ ಪ್ರಾಣದ ಮಾತು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ, ಸಾರಾಯಿ ನಿಂತು ವರ್ಷ ತುಂಬುವ ಮೊದಲೇ, ಬೆಂಗಳೂರು, ಕೋಲಾರ ಕಡೆ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಸೇರಿ ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಇಂಥ ಸಾವುಗಳ ಹಿಂದಿರುವುದು ಮೆಥನಾಲ್, ಅಂದರೆ ಕಾರ್ಖಾನೆಗಳಲ್ಲಿ ಬಳಸುವ ಸ್ಪಿರಿಟ್. ಅದನ್ನು ಕೋಲು ಹಿಡಿಯುವುದಿಲ್ಲ. ತೇಲುಮಾಪಕವೂ ಹಿಡಿಯುವುದಿಲ್ಲ, ಯಾಕೆಂದರೆ ಕುಡಿಯುವ ಮದ್ಯಸಾರ ಲೀಟರಿಗೆ 789 ಗ್ರಾಂ ತೂಗಿದರೆ ಮೆಥನಾಲ್ 792 ಗ್ರಾಂ ತೂಗುತ್ತದೆ. ಗುಂಡು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಮುಳುಗುತ್ತದೆ. ವಾಸನೆ, ರುಚಿ ನೋಡಿ ಹೇಳುತ್ತೇನೆ ಅನ್ನುವವರನ್ನೂ ನಂಬಬೇಡಿ. ಪ್ರಯೋಗಾಲಯವೇ ಹೇಳಬೇಕು.

ಕುಡಿದ ತಕ್ಷಣ ಅದು ಏನೂ ತೋರಿಸುವುದಿಲ್ಲ. ಮಾಮೂಲಿ ಅಮಲಿನ ಹಾಗೆಯೇ ಇರುತ್ತದೆ. ಹನ್ನೆರಡು ಗಂಟೆಯೋ ಒಂದು ದಿನವೋ ಕಳೆದ ಮೇಲೆ ಹೊಟ್ಟೆನೋವು, ವಾಂತಿ, ಕಣ್ಣು ಮಂಜು. ಮನೆಯವರು ರಾತ್ರಿ ಕುಡಿದದ್ದು ಇಳಿದಿಲ್ಲ ಅಂದುಕೊಂಡು ಮಲಗಿಸಿಬಿಡುತ್ತಾರೆ. ಕಣ್ಣು ಮಂಜಾಯಿತು ಅಂದರೆ ಮಲಗಿಸಬಾರದು, ಮಜ್ಜಿಗೆ ಕುಡಿಸಿ ಕಾಯಬಾರದು, ಡಯಾಲಿಸಿಸ್ ಇರುವ ಆಸ್ಪತ್ರೆಗೆ ಆ ಗಳಿಗೆಯಲ್ಲೇ ಹೊರಡಬೇಕು. ಏನು ಕುಡಿದದ್ದು, ಎಲ್ಲಿ ತಂದದ್ದು ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು. ಬಾಟಲಿಯಲ್ಲಿ ಒಂದು ತೊಟ್ಟು ಉಳಿದಿದ್ದರೂ ಚೆಲ್ಲದೆ ಜೊತೆಗೆ ತಗೊಂಡು ಹೋಗಬೇಕು. ಜೊತೆಯಲ್ಲಿ ಕುಡಿದವರ ಮನೆಗಳಿಗೂ ದಾರಿಯಲ್ಲೇ ಫೋನ್ ಮಾಡಬೇಕು.