ನಗುವಿಗೆಷ್ಟು ರೇಟು?

ತರಕಾರಿಯವನ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುತ್ತೇವೆಂದು ಗಂಡಸರು ನಮ್ಮನ್ನು ನೋಡಿ ನಗುವುದುಂಟು. ನಗಲಿ ಬಿಡಿ. ಯಾವ ವಸ್ತುವಿಗೆ ಎಷ್ಟು ಕೊಟ್ಟರೆ ನ್ಯಾಯ ಎಂದು ಲೆಕ್ಕ ಹಾಕುವುದು ನಮಗೆ ದಿನನಿತ್ಯದ ಅಭ್ಯಾಸ. ಬೆಂಡೆಕಾಯಿ ಎಳೆಯದೋ ಬಲಿತದ್ದೋ ಎಂದು ತುದಿ ಮುರಿದು ನೋಡಬಹುದು. ಸೀರೆಯ ಸೆರಗು ಬಿಚ್ಚಿಸಿ ಬೆಳಕಿಗೆ ಹಿಡಿಯಬಹುದು. ಆದರೆ ನಗುವಿಗೆ ಬೆಲೆ ಕಟ್ಟುವುದು ಹೇಗೆ? ತುದಿ ಮುರಿಯುವಂತಿಲ್ಲ, ಬೆಳಕಿಗೆ ಹಿಡಿಯುವಂತಿಲ್ಲ, ನಗು ಬರಲಿಲ್ಲವೆಂದು ಅಂಗಡಿಗೆ ವಾಪಸು ಕೊಡುವಂತೆಯೂ ಇಲ್ಲ.

ಈ ಯೋಚನೆ ನನ್ನ ತಲೆಗೆ ಹೊಕ್ಕದ್ದು ತಂಗಿಯ ಮಗಳಿಂದ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ದೊಡ್ಡ ಹೆಸರಿನ ಹಾಸ್ಯಗಾರನೊಬ್ಬನ ಕಾರ್ಯಕ್ರಮಕ್ಕೆ ೪,೦೦೦ ರೂಪಾಯಿ ಕೊಟ್ಟು ಟಿಕೆಟ್ ತೆಗೆದುಕೊಂಡಿದ್ದೇನೆ ಎಂದಳು.

“ನಾಟಕವೇನೆ?”

“ಅಲ್ಲ ದೊಡ್ಡಮ್ಮ, ಸ್ಟ್ಯಾಂಡ್‌ಅಪ್ ಕಾಮಿಡಿ. ಒಬ್ಬನೇ ಮೈಕ್ ಹಿಡ್ಕೊಂಡು ನಿಂತು ಮಾತಾಡ್ತಾನೆ.”

“ಎಷ್ಟು ಹೊತ್ತು?”

“ಒಂದೂಕಾಲು ಗಂಟೆ.”

ನಿಮಿಷಕ್ಕೆ ಐವತ್ತು ರೂಪಾಯಿಗೂ ಮೇಲಾಯಿತು ಎಂದು ನಾನು ಮನಸ್ಸಿನಲ್ಲೇ ಭಾಗಿಸಿಕೊಂಡೆ. ಹೋಗಿಬಂದ ಮೇಲೆ ಕೇಳಿದೆ. ಕೂತಿದ್ದ ಜಾಗದಿಂದ ಆತ ಹೆಬ್ಬೆರಳಷ್ಟು ಕಾಣುತ್ತಿದ್ದನಂತೆ. ಒಂದೂಕಾಲು ಗಂಟೆಯೂ ಪಕ್ಕದ ದೊಡ್ಡ ಪರದೆಯನ್ನೇ ನೋಡಿದಳಂತೆ. “ಹಾಗಿದ್ದರೆ ಮನೆಯಲ್ಲೇ ಟಿ.ವಿ. ಹಾಕಿಕೊಳ್ಳಬಹುದಿತ್ತಲ್ಲೇ?” ಎಂದೆ. ಅವಳು ಸ್ವಲ್ಪ ಯೋಚಿಸಿ, “ಇಲ್ಲ ದೊಡ್ಡಮ್ಮ, ಅಷ್ಟು ಸಾವಿರ ಜನ ಒಟ್ಟಿಗೆ ನಕ್ಕಾಗ ಮೈ ಜುಂ ಅನ್ನತ್ತೆ. ಅದು ಟಿ.ವಿ.ಯಲ್ಲಿ ಬರಲ್ಲ” ಎಂದಳು. ಆ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಲೆಕ್ಕ ಕೇಳುವುದನ್ನೂ ಬಿಡಲಾರೆ.

ನಮ್ಮಲ್ಲಿ ಮೊದಲು ನಗುವಿಗೆ ಟಿಕೆಟ್ ಇರಲಿಲ್ಲ. ಹಾಗೆಂದು ಪುಕ್ಕಟೆಯೂ ಆಗಿರಲಿಲ್ಲ. ಹರಿಕಥೆಯ ದಾಸರು ನಡುನಡುವೆ ಉಪಕಥೆ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದರು; ಕೊನೆಗೆ ಮಂಗಳಾರತಿ ತಟ್ಟೆ ಬರುತ್ತಿತ್ತು. ಕರಾವಳಿಯಲ್ಲಿ ಹರಕೆಯ ಆಟವೆಂದರೆ ಖರ್ಚು ಹರಕೆ ಹೊತ್ತ ಮನೆಯವರದು, ಹಾಸ್ಯಗಾರನ ಮಾತಿಗೆ ನಗುವ ಭಾಗ್ಯ ಊರಿನವರೆಲ್ಲರದು. ನಕ್ಕ ಮೇಲೆ ಕೊಡುವುದು, ಶಕ್ತಿ ಇದ್ದವರು ಕೊಡುವುದು, ಇಲ್ಲದವರೂ ಕೂತು ನಗುವುದು: ಇದು ಹಳೆಯ ಪದ್ಧತಿ.

ನಗುವ ಮೊದಲೇ ದುಡ್ಡು ಎಣಿಸುವ ಪದ್ಧತಿಯನ್ನು ನಮ್ಮ ಊರುಗಳಿಗೆ ತಂದವು ವೃತ್ತಿ ನಾಟಕ ಕಂಪನಿಗಳು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಹೆಸರು ಕೇಳದವರು ಯಾರಿದ್ದಾರೆ? ಅದನ್ನು ದೊಡ್ಡದು ಮಾಡಿದ ವೀರಣ್ಣನವರು ಸ್ವತಃ ಹಾಸ್ಯನಟರು. ‘ಸದಾರಮೆ’ ನಾಟಕದ ಕಳ್ಳನ ಪಾತ್ರದಿಂದ ಮನೆಮಾತಾದವರು. ಅವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳು ಬರುತ್ತಿದ್ದುದನ್ನು ಹಳಬರು ಕಣ್ಣರಳಿಸಿ ಹೇಳುತ್ತಿದ್ದರು. ಕಂಪನಿ ಬಂದು ಕ್ಯಾಂಪ್ ಹಾಕಿತೆಂದರೆ ಊರಿಗೇ ಜಾತ್ರೆಯ ಕಳೆ. ನೆಲಕ್ಕೊಂದು ರೇಟು, ಬೆಂಚಿಗೊಂದು, ಕುರ್ಚಿಗೊಂದು. ಹೆಂಗಸರಿಗೆ ಬೇರೆ ಜಾಗ. ಆ ಟಿಕೆಟ್ಟಿನ ದುಡ್ಡು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಒಮ್ಮೆ ಯೋಚಿಸಿ. ನಟನಟಿಯರು, ಹಾರ್ಮೋನಿಯಂ, ತಬಲದವರು, ಪರದೆ ಬರೆಯುವವರು, ಪರದೆ ಎಳೆಯುವವರು, ದೀಪದವರು, ಅಷ್ಟು ಮಂದಿಗೂ ಅನ್ನ ಬೇಯಿಸುವ ಅಡಿಗೆಯವರು. ಒಂದು ಟಿಕೆಟ್ಟಿನಲ್ಲಿ ಹತ್ತಾರು ಸಂಸಾರಗಳ ಪಾಲಿತ್ತು. ಆ ಕಂಪನಿಯ ಅನ್ನ ಉಂಡು ಬೆಳೆದವರಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಬಿ.ವಿ. ಕಾರಂತರು ಇದ್ದರು ಎಂದರೆ, ಆ ನಾಲ್ಕಾಣೆ ಎಂಟಾಣೆಗಳು ವ್ಯರ್ಥವಾಗಲಿಲ್ಲ ಎಂದೇ ಹೇಳಬೇಕು.

ನನ್ನ ಕಾಲಕ್ಕೆ ಬಂದರೆ ಮಾಸ್ಟರ್ ಹಿರಣ್ಣಯ್ಯನವರು. ೧೯೩೪ರಲ್ಲಿ ಹುಟ್ಟಿ ೨೦೧೯ರಲ್ಲಿ ತೀರಿಕೊಂಡ ಅವರು ‘ಲಂಚಾವತಾರ’ವನ್ನು ಸಾವಿರಾರು ಸಲ ಆಡಿದರು. ನಾಟಕ ಒಂದೇ, ಮಾತು ಮಾತ್ರ ದಿನಕ್ಕೊಂದು. ಬೆಳಗಿನ ಪತ್ರಿಕೆಯಲ್ಲಿ ಬಂದ ಸುದ್ದಿ ರಾತ್ರಿ ಅವರ ಬಾಯಲ್ಲಿ ಚಾಟಿಯಾಗಿ ಬರುತ್ತಿತ್ತು. ಆಡಳಿತ ನಡೆಸುವವರನ್ನು ಅವರದೇ ಊರಿನಲ್ಲಿ ನಿಂತು ಜಾಡಿಸುತ್ತಿದ್ದ ಆ ಧೈರ್ಯಕ್ಕೆ ಜನ ದುಡ್ಡು ಕೊಡುತ್ತಿದ್ದರು. ತಮ್ಮ ಎದೆಯೊಳಗಿನ ಮಾತನ್ನು ಇನ್ನೊಬ್ಬ ಗಟ್ಟಿಯಾಗಿ ಹೇಳಿದನಲ್ಲ ಎಂಬ ಸಮಾಧಾನಕ್ಕೂ ಕೊಡುತ್ತಿದ್ದರು.

ಅವರ ನಾಟಕ ನಮ್ಮ ಊರಿಗೆ ಬಂದಾಗ ಅಪ್ಪ ನಾಲ್ಕು ಟಿಕೆಟ್ ತಂದರು. ಮನೆಯಲ್ಲಿದ್ದವರು ಐದು ಜನ. ಯಾರು ಉಳಿಯಬೇಕೆಂಬ ಚರ್ಚೆಯೇ ಆಗಲಿಲ್ಲ. “ನೀವು ಹೋಗಿ ಬನ್ನಿ, ಬಂದು ನನಗೆ ಹೇಳಿದ್ರೆ ಸಾಕು” ಎಂದು ಅಮ್ಮ ಆಗಲೇ ದೋಸೆಗೆ ಅಕ್ಕಿ ನೆನೆಹಾಕಲು ಹೋಗಿಯಾಗಿತ್ತು. ಮಾರನೆಯ ದಿನ ನಾವು ಮಕ್ಕಳು ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತು ನೆನಪಿದ್ದಷ್ಟು ಆಡಿ ತೋರಿಸಿದೆವು. ಅಮ್ಮ ರುಬ್ಬುಗಲ್ಲಿನ ಮುಂದೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅವಳು ಹಿರಣ್ಣಯ್ಯನವರನ್ನು ನಿಜವಾಗಿ ಕೇಳಿದ್ದು ಎಷ್ಟೋ ವರ್ಷಗಳ ನಂತರ, ಕ್ಯಾಸೆಟ್ಟಿನಲ್ಲಿ. ಟಿಕೆಟ್ಟಿನ ದರ ಏರಿದಾಗ ಮನೆಯಲ್ಲಿ ಮೊದಲು ಉಳಿಯುವವರು ಯಾರು ಎಂಬುದು ನನಗೆ ಅಂದಿನಿಂದ ಗೊತ್ತು. ನಗುವಿನ ಬೆಲೆಯ ಮಾತು ಬಂದಾಗಲೆಲ್ಲ ನಾನು ಹಟ ಹಿಡಿಯುವುದು ಇದಕ್ಕೇ.

ಆಮೇಲೆ ಹಾಸ್ಯೋತ್ಸವಗಳು ಬಂದವು. ಗಣೇಶನ ಪೆಂಡಾಲಿನಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ, ಕಾಲೇಜಿನ ಮೈದಾನದಲ್ಲಿ ಪ್ರೊಫೆಸರ್ ಕೃಷ್ಣೇಗೌಡರು, ಗಂಗಾವತಿ ಪ್ರಾಣೇಶ್, ಸುಧಾ ಬರಗೂರು ಮಾತಿಗೆ ನಿಂತರೆ ಜನವೋ ಜನ. ಬಹುಪಾಲು ಕಡೆ ಪ್ರವೇಶ ಉಚಿತ. ಖರ್ಚು ಸಂಘದವರದೋ ಪ್ರಾಯೋಜಕರದೋ. ಹಳೆಯ ಹರಕೆಯ ಆಟದ ಲೆಕ್ಕವೇ ಹೊಸ ರೂಪದಲ್ಲಿ ಬಂತು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಲ್ಲಿ ಕೂತ ಹೆಂಗಸರನ್ನು ನೀವೂ ನೋಡಿದ್ದೀರಿ; ನೀವೇ ಅವರಲ್ಲೊಬ್ಬರಾಗಿದ್ದರೂ ಆಶ್ಚರ್ಯವಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರಾಣೇಶ್ ಹೇಳುವ ಬೀಚಿಯವರ ಮಾತು ಮೈದಾನದ ಕೊನೆಯ ಬೇವಿನ ಮರದ ಕೆಳಗೆ ನಿಂತವನಿಗೂ ನಗು ತರಿಸುತ್ತದೆ. ಏಕೆಂದರೆ ಅದು ಕಿವಿಯ ಹಾಸ್ಯ. ಧ್ವನಿವರ್ಧಕ ಸರಿಯಿದ್ದರೆ ಸಾಕು. ಹುಬ್ಬು ಕುಣಿಸಿ, ತುಟಿ ಕೊಂಕಿಸಿ, ಮಾತು ನುಂಗಿ ನಗಿಸುವುದು ಮುಖದ ಹಾಸ್ಯ. ಅದಕ್ಕೆ ಮುಖ ಕಾಣಬೇಕು. ದೂರದ ಬೆಟ್ಟ ನುಣ್ಣಗೆ ಕಾಣಬಹುದು, ದೂರದ ಮುಖ ಕಾಣುವುದೇ ಇಲ್ಲ.

ಹೀಗೆ ಒಬ್ಬರೇ ಮೈಕಿನ ಮುಂದೆ ನಿಂತು ನಗಿಸುವುದನ್ನು ಒಂದು ದೊಡ್ಡ ಉದ್ಯಮವಾಗಿ ಬೆಳೆಸಿದ್ದು ಅಮೆರಿಕ. ದುಬಾರಿ ಟಿಕೆಟ್ಟಿನ ಕಥೆ ತಿಳಿಯಬೇಕಾದರೆ ಅಲ್ಲಿಗೊಮ್ಮೆ ಹೋಗಿಬರಬೇಕು. ಮೊದಲು ನನಗೆ ಇಷ್ಟವಾದ ಒಬ್ಬ ಹೆಂಗಸಿನ ಮಾತು ಹೇಳಿಬಿಡುತ್ತೇನೆ. ಫಿಲಿಸ್ ಡಿಲ್ಲರ್ ಎಂದು ಆಕೆಯ ಹೆಸರು. ಐದು ಮಕ್ಕಳ ತಾಯಿ. ೧೯೫೫ರಲ್ಲಿ, ೩೭ನೆಯ ವಯಸ್ಸಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ‘ಪರ್ಪಲ್ ಆನಿಯನ್’ ಎಂಬ ಪುಟ್ಟ ಕ್ಲಬ್ಬಿನಲ್ಲಿ ಮೊದಲ ಸಲ ನಿಂತಳು. ಎರಡು ವಾರಕ್ಕೆಂದು ಬಂದವಳು ೮೯ ವಾರ ಉಳಿದಳು. ಅಡಿಗೆ, ಇಸ್ತ್ರಿ, ಸೋಮಾರಿ ಗಂಡ, ತನ್ನ ಕೆದರಿದ ಕೂದಲು, ಇವೇ ಅವಳ ವಸ್ತು. ನಮ್ಮ ‘ಕೊರವಂಜಿ’ಯಲ್ಲಿ ಟಿ. ಸುನಂದಮ್ಮನವರು ಮನೆಯೊಳಗಿನ ನಗೆಯನ್ನು ಬರೆದಂತೆ ಅವಳು ಅದನ್ನು ಆಡಿ ತೋರಿಸಿದಳು. ತನ್ನ ಹಾಸ್ಯಗಳನ್ನೆಲ್ಲ ಚೀಟಿಗಳಲ್ಲಿ ಬರೆದು, ವಿಷಯವಾರು ವಿಂಗಡಿಸಿ ಒಂದು ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದಳು. ಐವತ್ತು ಸಾವಿರಕ್ಕೂ ಹೆಚ್ಚು ಚೀಟಿಗಳು! ನಾವು ಸಾಂಬಾರ ಪುಡಿ, ರಸದ ಪುಡಿ ಎಂದು ಡಬ್ಬಿಗೆ ಚೀಟಿ ಅಂಟಿಸಿದ ಹಾಗೆ. ಆ ಬೀರು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಅಷ್ಟೊಂದು ಹಾಸ್ಯ ಬೆಳೆದದ್ದು ಎದುರಿಗೆ ಕೂತವರ ಮುಖ ಕಾಣುವಂಥ ಸಣ್ಣ ಕೋಣೆಗಳಲ್ಲಿ. ಯಾವ ಮಾತಿಗೆ ನಕ್ಕರು, ಯಾವುದಕ್ಕೆ ನಗಲಿಲ್ಲ ಎಂದು ಅಲ್ಲೇ ಗೊತ್ತಾಗಿಬಿಡುತ್ತದೆ.

ಇನ್ನು ದೊಡ್ಡ ಜಾಗದ ಕಥೆ. ಸ್ಟೀವ್ ಮಾರ್ಟಿನ್ ಎಂಬಾತ ೧೯೪೫ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಡಿಸ್ನಿಲ್ಯಾಂಡಿನಲ್ಲಿ ಪುಸ್ತಿಕೆ ಮಾರುತ್ತಿದ್ದ. ಬಹಳ ವರ್ಷ ಅರ್ಧ ಖಾಲಿ ಕ್ಲಬ್ಬುಗಳಲ್ಲಿ ಆಡಿದ. ಆಗ ಅವನಿಗೊಂದು ಚೆಂದದ ಅಭ್ಯಾಸವಿತ್ತು. ಆಟ ಮುಗಿದರೂ ಜನ ಏಳದಿದ್ದರೆ ಅವರನ್ನೆಲ್ಲ ಕರೆದುಕೊಂಡು ಬೀದಿಗೆ ಇಳಿಯುತ್ತಿದ್ದ. ಒಮ್ಮೆ ಎಲ್ಲರನ್ನೂ ಒಂದು ತಿಂಡಿ ಅಂಗಡಿಗೆ ನುಗ್ಗಿಸಿ, ಮುನ್ನೂರು ಹ್ಯಾಂಬರ್ಗರ್ ಕೊಡಿ ಎಂದು ಹೇಳಿ, ಮರುಕ್ಷಣವೇ ಬೇಡ, ಒಂದು ಪೊಟ್ಟಣ ಹುರಿದ ಆಲೂಗಡ್ಡೆ ಸಾಕು ಎಂದನಂತೆ.

೧೯೭೬ರಿಂದ ಟಿ.ವಿ.ಯ ‘ಸಾಟರ್ಡೇ ನೈಟ್ ಲೈವ್’ನಲ್ಲಿ ಕಾಣಿಸಿಕೊಂಡ, ೧೯೭೭ರಲ್ಲಿ ಧ್ವನಿಮುದ್ರಿಕೆ ಬಂತು, ಹೆಸರು ಬೆಂಕಿಯಂತೆ ಹಬ್ಬಿತು. ಒಂದೊಂದು ಆಟಕ್ಕೆ ಇಪ್ಪತ್ತು ಸಾವಿರದವರೆಗೆ ಜನ ಸೇರತೊಡಗಿದರು. ಅಲ್ಲಿಂದ ಅವನ ಕಷ್ಟ ಶುರು. ಇಪ್ಪತ್ತು ಸಾವಿರ ಮಂದಿಯನ್ನು ಬೀದಿಗೆ ಕರೆದುಕೊಂಡು ಹೋಗಲಾದೀತೆ? ಕೊನೆಯ ಸಾಲಿನವರಿಗೆ ಕಾಣಲೆಂದು ಬಿಳಿಯ ಸೂಟು ಹಾಕಿದ. ಸಣ್ಣ ಸನ್ನೆಗಳು ಕಳೆದುಹೋದವು. ಜನಕ್ಕೆ ಅವನ ಮಾತುಗಳು ಮೊದಲೇ ಬಾಯಿಪಾಠ; ಅವನಿಗಿಂತ ಮುಂಚೆ ಅವರೇ ಕೂಗುತ್ತಿದ್ದರು. ಹೊಸದನ್ನು ಹೇಳಲು ಜಾಗವೇ ಉಳಿಯಲಿಲ್ಲ. ೧೯೮೧ರ ಹೊತ್ತಿಗೆ ಕೀರ್ತಿಯ ತುತ್ತತುದಿಯಲ್ಲಿದ್ದಾಗಲೇ ಆ ವೃತ್ತಿಗೆ ಕೈಮುಗಿದು ಸಿನಿಮಾಕ್ಕೆ ಹೊರಟುಬಿಟ್ಟ. ೨೦೦೭ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದುಕೊಂಡಿದ್ದಾನೆ. ದೊಡ್ಡ ಜಾಗ ಹಾಸ್ಯಕ್ಕೆ ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಆದರೂ ಜಾಗ ಬೆಳೆಯುತ್ತಲೇ ಹೋಯಿತು. ೧೯೯೩ರಲ್ಲಿ ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ನ್ಯೂಮನ್ ಮತ್ತು ಬಡೀಲ್ ಜೋಡಿಗೆ ೧೨,೦೦೦ ಜನ ಸೇರಿದರು. ೨೦೦೮ರಲ್ಲಿ ಮಾರಿಯೋ ಬಾರ್ಟ್ ಎಂಬ ಜರ್ಮನ್ ಹಾಸ್ಯಗಾರ ಬರ್ಲಿನ್ನಿನ ಒಲಿಂಪಿಕ್ ಕ್ರೀಡಾಂಗಣವನ್ನೇ ತುಂಬಿಸಿದ. ದರ ಏಕೆ ಏರುತ್ತದೆ? ಜಾಗದ ಬಾಡಿಗೆ, ಪರದೆ, ಧ್ವನಿ, ಕಾವಲು, ತೆರಿಗೆ ಎಲ್ಲ ನಿಜ. ಆದರೆ ಮುಖ್ಯ ಕಾರಣ ಬೇರೆ. ೧೯೮೧ರಲ್ಲೇ ಷೆರ್ವಿನ್ ರೋಸೆನ್ ಎಂಬ ಅರ್ಥಶಾಸ್ತ್ರಜ್ಞರು ತಾರೆಗಳ ಗಳಿಕೆಯ ಬಗ್ಗೆ ಬರೆಯುತ್ತ ಹಾಸ್ಯಗಾರರನ್ನೂ ಉದಾಹರಿಸಿದರು. ಅವರ ಮಾತಿನ ಸಾರ ಇಷ್ಟೆ: ಒಬ್ಬನೇ ಏಕಕಾಲಕ್ಕೆ ಲಕ್ಷಾಂತರ ಜನರನ್ನು ಮುಟ್ಟಬಲ್ಲ ಕಾಲದಲ್ಲಿ, ಪ್ರತಿಭೆಯಲ್ಲಿ ಕೂದಲೆಳೆಯಷ್ಟು ಮುಂದಿದ್ದವನು ಗಳಿಕೆಯಲ್ಲಿ ಗಾವುದ ದೂರ ಮುಂದೆ ಹೋಗುತ್ತಾನೆ. ಎಲ್ಲರಿಗೂ ಅವನೇ ಬೇಕು, ಅವನಿರುವುದೋ ಒಬ್ಬನೇ. ಕಂಪನಿ ನಾಟಕದಲ್ಲಿ ಹತ್ತಾರು ಸಂಸಾರಕ್ಕೆ ಹಂಚಿಹೋಗುತ್ತಿದ್ದ ದುಡ್ಡಿನ ದೊಡ್ಡ ಪಾಲು ಇಲ್ಲಿ ಒಂದು ಹೆಸರಿಗೆ ಸಲ್ಲುತ್ತದೆ.

ಟೆಂಟ್ ಸಿನಿಮಾ ನೆನಪಿದೆಯೆ? ಅಗ್ಗದ ನೆಲದವರು ಪರದೆಯ ಮುಂದೆ, ದುಬಾರಿ ಕುರ್ಚಿಯವರು ಹಿಂದೆ. ಚಿತ್ರ ದೊಡ್ಡದು, ದೂರವೇ ಚೆನ್ನ. ಹಾಸ್ಯದ ಆಟದಲ್ಲಿ ಮುಖ ಚಿಕ್ಕದು. ಹತ್ತಿರದ ಜಾಗವೇ ಚಿನ್ನ. ಹಾಗಾಗಿ ಹೆಚ್ಚು ಕೊಟ್ಟವರಿಗೆ ಮನುಷ್ಯ ಸಿಗುತ್ತಾನೆ, ಕಡಿಮೆ ಕೊಟ್ಟವರಿಗೆ ಪರದೆ ಸಿಗುತ್ತದೆ. ಆ “ಕಡಿಮೆ”ಯೂ ಹಲವರ ಮನೆಯ ತಿಂಗಳ ದಿನಸಿಯ ಖರ್ಚು.

ಹಾಗಾದರೆ ದೊಡ್ಡ ಆಟವೆಲ್ಲ ಮೋಸವೆ? ಹಾಗೆನ್ನಲಾರೆ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಮುಖ್ಯ ಅಂಗಣದಲ್ಲಿ ೨೦೧೬ರಲ್ಲಿ ಏಮಿ ಶೂಮರ್ ನಿಂತಾಗ, ಅಲ್ಲಿ ತನ್ನ ಹೆಸರಿನಲ್ಲೇ ಆಟ ನಡೆಸಿದ ಮೊದಲ ಹಾಸ್ಯಗಾರ್ತಿ ಅವಳು. ೨೦೨೫ರ ಆಗಸ್ಟ್‌ನಲ್ಲಿ ಇಂದೂರಿನ ಜಾಕಿರ್ ಖಾನ್ ಅಲ್ಲಿಯೇ ಹಿಂದಿಯಲ್ಲಿ ಆಡಿದಾಗ, ಕೂತವರು ಬರೀ ಹಾಸ್ಯಕ್ಕೆ ಬಂದಿರಲಿಲ್ಲ. ಪರದೇಶದಲ್ಲಿ ತಮ್ಮ ಮಾತು ಅಷ್ಟು ದೊಡ್ಡ ಜಾಗದಲ್ಲಿ ಮೊಳಗುವುದನ್ನು ಕೇಳಲು ಬಂದಿದ್ದರು. ಅಂಥದ್ದು ಹಬ್ಬ. ಹಬ್ಬಕ್ಕೆ ನಾವು ಲೆಕ್ಕ ಮೀರಿ ಖರ್ಚು ಮಾಡುತ್ತೇವೆ, ಮಾಡಬೇಕು. ನನ್ನ ತಂಗಿಯ ಮಗಳ ಮೈ ಜುಂ ಎಂದದ್ದೂ ಹಬ್ಬದ ಸಂಭ್ರಮವೇ. ವರ್ಷಕ್ಕೊಮ್ಮೆ, ಕೈಯಲ್ಲಿ ಆಗುವವರು, ತಾವು ಕೊಡುತ್ತಿರುವುದು ನಗುವಿಗಲ್ಲ, ಆ ಜಾತ್ರೆಗೆ ಎಂದು ತಿಳಿದು ಕೊಟ್ಟರೆ ನನ್ನ ತಕರಾರಿಲ್ಲ.

ಆದರೆ ಬರೀ ನಗುವಿನ ಬೆಲೆ ಎಂದು ಕೇಳಿದರೆ, ಅಷ್ಟಿಲ್ಲ ಎನ್ನುತ್ತೇನೆ. ಒಳ್ಳೆಯ ನಗು ಹುಟ್ಟುವುದು ಇನ್ನೂ ಸಣ್ಣ ಜಾಗದಲ್ಲೇ. ಇಂದಿನ ಕ್ರೀಡಾಂಗಣದ ಹಾಸ್ಯಗಾರರೂ ತಮ್ಮ ಮಾತನ್ನು ತಿದ್ದಿ ತೀಡಿಕೊಳ್ಳುವುದು ಐವತ್ತು ನೂರು ಕುರ್ಚಿಗಳ ಕೋಣೆಗಳಲ್ಲಿ. ಆ ಒಂದು ೪,೦೦೦ ರೂಪಾಯಿಯಲ್ಲಿ ೨೦೦ ರೂಪಾಯಿಯ ಇಪ್ಪತ್ತು ಟಿಕೆಟ್ ಬರುತ್ತವೆ. ನಮ್ಮ ಸಣ್ಣ ಊರುಗಳಲ್ಲೂ ಈಗ ಹುಡುಗ ಹುಡುಗಿಯರು ಕನ್ನಡದಲ್ಲಿ ಮೈಕ್ ಹಿಡಿದು ನಿಲ್ಲುತ್ತಿದ್ದಾರೆ. ಕೆಲವು ಮಾತು ನಗು ತರಿಸುತ್ತವೆ, ಕೆಲವು ತರಿಸುವುದಿಲ್ಲ. ಡಿಲ್ಲರ್‌ಗೂ ಮೊದಲ ದಿನವೇ ಬೀರು ತುಂಬಿರಲಿಲ್ಲ. ನಿಮ್ಮ ಊರಿನ ಟೌನ್‌ಹಾಲಿಗೋ ಕನ್ನಡ ಭವನಕ್ಕೋ ಅಂಥವರು ಬಂದರೆ ಟಿಕೆಟ್ ತೆಗೆದುಕೊಳ್ಳಿ. ಮನೆಯಲ್ಲಿ ಎಷ್ಟು ಜನರಿದ್ದೀರೋ ಅಷ್ಟು ತೆಗೆದುಕೊಳ್ಳಿ. ದೋಸೆಗೆ ಅಕ್ಕಿಯನ್ನು ಮಧ್ಯಾಹ್ನವೇ ನೆನೆಹಾಕಿ, ಬಾಗಿಲಿಗೆ ಬೀಗ ಹಾಕಿಕೊಂಡು ಹೊರಡಿ.