ಕಲ್ಲೊಡೆಯುವ ಅಲೆ, ಅಲುಗದ ಮೈ: ಲಿಥೋಟ್ರಿಪ್ಸಿಯಲ್ಲಿ ನೋವು ನಿರ್ವಹಣೆಯ ಚರಿತ್ರೆ

ಕಿಡ್ನಿಯ ಕಲ್ಲನ್ನು ಶಾಕ್ ವೇವ್ ಕೊಟ್ಟು ಪುಡಿ ಮಾಡುತ್ತೇವೆ ಎಂದು ವೈದ್ಯರು ಹೇಳಿದೊಡನೆ ನಮ್ಮ ಕಡೆಯ ರೋಗಿ ಮೊದಲು ಕೇಳುವುದು, ‘ಕರೆಂಟ್ ಕೊಡ್ತೀರಾ ಸಾರ್?’ ಎಂದು. ಮೈಗೆ ವಿದ್ಯುತ್ತು ಹರಿಯುವುದಿಲ್ಲ, ಒತ್ತಡದ ಅಲೆಯೊಂದು ಚರ್ಮದ ಮೂಲಕ ಹಾದು ಕಲ್ಲನ್ನು ಮುಟ್ಟುತ್ತದೆ ಎಂದು ತಿಳಿಹೇಳಿ ಸಮಾಧಾನ ಮಾಡುವುದು ವಾಡಿಕೆ. ಆದರೆ ಈ ಚಿಕಿತ್ಸೆಯ ಚರಿತ್ರೆ ಶುರುವಾಗುವುದೂ ಇದೇ ತಪ್ಪು ತಿಳಿವಳಿಕೆಯಿಂದ. 1960ರ ದಶಕದಲ್ಲಿ ಜರ್ಮನಿಯ ಡೋರ್ನಿಯರ್ ವಿಮಾನ ಕಂಪನಿಯಲ್ಲಿ ಅತಿವೇಗದ ವಸ್ತುಗಳು ಲೋಹಕ್ಕೆ ಬಡಿದಾಗ ಏನಾಗುತ್ತದೆ ಎಂಬ ಪರೀಕ್ಷೆ ನಡೆಯುತ್ತಿತ್ತು. ಶಬ್ದದ ವೇಗವನ್ನು ಮೀರಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೂ ಲೋಹ ಕುಳಿಬೀಳುತ್ತಿದ್ದುದು ಅವರ ಚಿಂತೆ. 1966ರಲ್ಲಿ ಅಲ್ಲಿನ ಎಂಜಿನಿಯರ್ ಒಬ್ಬರ ಕೈ ಗುಂಡು ಬಡಿಯುವ ಕ್ಷಣದಲ್ಲಿ ಗುರಿಫಲಕವನ್ನು ಮುಟ್ಟಿಕೊಂಡಿತ್ತು. ಕರೆಂಟ್ ಹೊಡೆದ ಹಾಗಾಯಿತು. ಅಳೆದು ನೋಡಿದರೆ ಅಲ್ಲಿ ವಿದ್ಯುತ್ತೇ ಇರಲಿಲ್ಲ. ಕೈಯೊಳಗೆ ಹೊಕ್ಕಿದ್ದು ಆಘಾತ ತರಂಗ.

ಅಂದರೆ ಈ ಅಲೆಯನ್ನು ಮನುಷ್ಯನ ಮೈಯಲ್ಲಿ ಮೊದಲು ಗುರುತಿಸಿದ್ದು ಉಪಕರಣವಲ್ಲ, ನೋವನ್ನು ಅರಿಯುವ ನರ. ಮುಂದೆ ಅದು ಕಲ್ಲೊಡೆಯುವ ಸಾಧನವಾದ ಮೇಲೂ ನೋವು ಅದರ ಬೆನ್ನು ಬಿಡಲಿಲ್ಲ. ಲಿಥೋಟ್ರಿಪ್ಸಿ ಎಂಬ ಈ ಚಿಕಿತ್ಸೆಯ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಪೀಳಿಗೆಗಳಾಗಿ ಬರೆಯುತ್ತಾರೆ. ನಾನು ಅದನ್ನು ನೋವಿನ ಕಡೆಯಿಂದ ಓದಲು ಯತ್ನಿಸಿದ್ದೇನೆ. ಹಾಗೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ನೋವಿಲ್ಲದ ಯಂತ್ರ ಮಾಡಹೊರಟಾಗಲೆಲ್ಲ ಕಲ್ಲು ಸರಿಯಾಗಿ ಒಡೆಯದೆ ಉಳಿಯಿತು. ನೋವು ಶಮನವೂ ಕಲ್ಲೊಡೆಯುವ ಕೆಲಸದ ಒಂದು ಭಾಗವೇ ಎಂಬ ಅರಿವು ಬರಲು ಎರಡು ದಶಕ ಹಿಡಿಯಿತು.

ಕಲ್ಲಿಗೂ ನೋವಿಗೂ ಇರುವ ನಂಟು ಹಳೆಯದು. ಸುಶ್ರುತ ಸಂಹಿತೆ ಅಶ್ಮರಿಯ, ಅಂದರೆ ಮೂತ್ರದ ಕಲ್ಲಿನ, ಶಸ್ತ್ರಕ್ರಿಯೆಯನ್ನು ವಿವರಿಸುತ್ತದೆ. ನೋವು ತಾಳಲಾರದವರಿಗೆ ಶಸ್ತ್ರಕ್ರಿಯೆಗೆ ಮೊದಲು ಮದ್ಯ ಕುಡಿಸಬೇಕೆನ್ನುವ ಆ ಗ್ರಂಥವೇ, ಅಶ್ಮರಿಯೂ ಸೇರಿ ಕೆಲವು ರೋಗಗಳಲ್ಲಿ ಬರಿಹೊಟ್ಟೆಯಲ್ಲಿ ಶಸ್ತ್ರ ಹಿಡಿಯಬೇಕೆಂದೂ ಹೇಳುತ್ತದೆ. ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1658ರಲ್ಲಿ ಅರಿವಳಿಕೆಯಿಲ್ಲದೆ ಮೂತ್ರಕೋಶದ ಕಲ್ಲು ತೆಗೆಸಿಕೊಂಡು ಬದುಕುಳಿದ. ಆ ದಿನವನ್ನು ವರ್ಷವರ್ಷವೂ ಔತಣವಿಟ್ಟು ನೆನೆಯಬೇಕೆಂದು ಆತ ನಿಶ್ಚಯಿಸಿದ್ದ. ಇಂಥ ಪರಂಪರೆಯ ಮುಂದೆ ಕತ್ತಿಯನ್ನೇ ಮುಟ್ಟದ ಚಿಕಿತ್ಸೆ ಎಷ್ಟು ದೊಡ್ಡ ಬಿಡುಗಡೆಯಾಗಿ ಕಂಡಿರಬೇಕು ಎಂಬುದನ್ನು ಊಹಿಸಬಹುದು.

ಆ ಬಿಡುಗಡೆ ಬಂದದ್ದು 1980ರ ಫೆಬ್ರವರಿಯಲ್ಲಿ, ಮ್ಯೂನಿಕ್ ನಗರದಲ್ಲಿ. ಕ್ರಿಸ್ಟಿಯಾನ್ ಚೌಸಿ, ಎಗ್ಬರ್ಟ್ ಶ್ಮೀಟ್, ವಾಲ್ಟರ್ ಬ್ರೆಂಡೆಲ್ ಮತ್ತವರ ಸಂಗಡಿಗರು ನಾಯಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ, ಅದೇ ಡೋರ್ನಿಯರ್ ಕಂಪನಿಯ ಎಚ್‌ಎಂ1 ಎಂಬ ಯಂತ್ರದಲ್ಲಿ ಮೊದಲ ರೋಗಿಗೆ ಚಿಕಿತ್ಸೆ ಕೊಟ್ಟರು. ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರ ವರದಿ ಪ್ರಕಟವಾಯಿತು. ಸುಧಾರಿತ ಎಚ್‌ಎಂ3 ಯಂತ್ರ ಜಗತ್ತಿನೆಲ್ಲೆಡೆ ಹರಡಿತು. 1984ರ ಫೆಬ್ರವರಿಯಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ತಲುಪಿ, ಡಿಸೆಂಬರ್ ಹೊತ್ತಿಗೆ ಅಲ್ಲಿನ ಔಷಧ ಪ್ರಾಧಿಕಾರದ ಒಪ್ಪಿಗೆಯನ್ನೂ ಪಡೆಯಿತು.

ಎಚ್‌ಎಂ3 ಕೋಣೆಯನ್ನು ಕೊಂಚ ಹತ್ತಿರದಿಂದ ನೋಡಬೇಕು. ನಡುವೆ ಉಕ್ಕಿನ ದೊಡ್ಡ ತೊಟ್ಟಿ, ಅದರ ತುಂಬ ಗಾಳಿಯ ಅಂಶ ತೆಗೆದ ಉಗುರುಬೆಚ್ಚಗಿನ ನೀರು. ಕುರ್ಚಿಯಂಥ ಚೌಕಟ್ಟಿಗೆ ಪಟ್ಟಿ ಬಿಗಿದು ಕೂರಿಸಿದ ರೋಗಿಯನ್ನು ಯಂತ್ರದ ತೋಳು ಮೆಲ್ಲಗೆ ನೀರಿಗಿಳಿಸುತ್ತದೆ. ತೊಟ್ಟಿಯ ತಳದಲ್ಲಿ ಬಟ್ಟಲಿನಾಕಾರದ ಲೋಹದ ಪ್ರತಿಫಲಕ, ಅದರೊಳಗೆ ಎರಡು ವಿದ್ಯುದಾಗ್ರ. ಸುಮಾರು 20 ಕಿಲೋವೋಲ್ಟ್‌ನ ಕಿಡಿ ಹಾರಿದಾಗ ಪಟಾಕಿ ಸಿಡಿದಂಥ ಸದ್ದು. ನೀರು ಆ ಕ್ಷಣ ಆವಿಯಾಗಿ ಹಿಗ್ಗುತ್ತದೆ, ಅಲೆ ಹುಟ್ಟುತ್ತದೆ, ಬಟ್ಟಲು ಅದನ್ನು ಕಲ್ಲಿನತ್ತ ಒಟ್ಟುಗೂಡಿಸುತ್ತದೆ. ಹೃದಯದ ಲಯ ತಪ್ಪಬಾರದೆಂದು ಪ್ರತಿ ಕಿಡಿಯನ್ನೂ ಇಸಿಜಿಯ ಏರುಗೆರೆಗೆ ಹೊಂದಿಸುತ್ತಿದ್ದರು. ನಾಡಿ ಬಡಿದಂತೆ ಏಟು, ಹೀಗೆ ಸಾವಿರ, ಕೆಲವೊಮ್ಮೆ ಎರಡು ಸಾವಿರ.

ಎಚ್ಚರವಿದ್ದು ಇದನ್ನು ತಾಳುವುದು ಬಹುತೇಕ ಜನರಿಗೆ ಆಗದ ಮಾತು. ಆದ್ದರಿಂದ ಪೂರ್ಣ ಅರಿವಳಿಕೆ, ಇಲ್ಲವೇ ಬೆನ್ನಿಗೆ ಸೂಜಿ ಚುಚ್ಚಿ ಕೊಡುವ ಎಪಿಡ್ಯೂರಲ್ ಬೇಕೇ ಬೇಕಿತ್ತು. ಅರಿವಳಿಕೆ ತಜ್ಞರಿಗೆ ಇದು ಹೊಸ ಬಗೆಯ ಪೇಚು. ಕುತ್ತಿಗೆಯವರೆಗೂ ನೀರಿನಲ್ಲಿ ಕುಳಿತವನ ಎದೆಯ ಮೇಲೆ ನೀರಿನ ಒತ್ತಡ, ಕೈಕಾಲಿನ ರಕ್ತ ಎದೆಯತ್ತ ಸರಿಯುತ್ತದೆ. ಮೇಲೆತ್ತಿದೊಡನೆ ರಕ್ತದೊತ್ತಡ ಕುಸಿಯಬಹುದು. ಇಸಿಜಿ ತಂತಿಗಳಿಗೆ ನೀರು ತಾಗದಂತೆ ಪ್ಲಾಸ್ಟಿಕ್ ಹೊದಿಕೆ ಅಂಟಿಸಬೇಕು. ಎಪಿಡ್ಯೂರಲ್ ಸೂಜಿ ಸರಿಯಾದ ಜಾಗ ತಲುಪಿತೇ ಎಂದು ನೋಡಲು ಸಿರಿಂಜಿನಲ್ಲಿ ಗಾಳಿ ತಳ್ಳುವುದು ರೂಢಿಯಾಗಿತ್ತು. ಇಲ್ಲಿ ಅದು ಬೇಡ, ಸಲೈನ್ ಬಳಸಿ ಎಂಬ ಎಚ್ಚರಿಕೆ ಹೊರಟಿತು. ಗಾಳಿ ಮತ್ತು ಅಂಗಾಂಶ ಕೂಡುವೆಡೆಯಲ್ಲಿ ಅಲೆ ತನ್ನ ಶಕ್ತಿಯನ್ನು ಬಿಟ್ಟುಕೊಡುತ್ತದೆ, ನರಕ್ಕೆ ಪೆಟ್ಟಾಗಬಹುದು. ಮಕ್ಕಳ ಪುಟ್ಟ ಶ್ವಾಸಕೋಶ ಅಲೆಯ ದಾರಿಗೆ ಸಿಗದಿರಲೆಂದು ಬೆನ್ನಿಗೆ ಥರ್ಮೋಕೋಲಿನಂಥ ಹಾಳೆ ಕಟ್ಟುತ್ತಿದ್ದರು.

ಹಾಗಾದರೆ ನೋವು ಹುಟ್ಟುವುದು ಎಲ್ಲಿ? ಮುಂದಿನ ಯಂತ್ರಗಳೆಲ್ಲ ಉತ್ತರಿಸಹೊರಟ ಪ್ರಶ್ನೆ ಇದು. ಅಲೆ ಒಳಹೊಗುವ ಚರ್ಮದ ನರತುದಿಗಳಲ್ಲಿ ಒಂದು ನೋವು. ರಬ್ಬರ್ ಬ್ಯಾಂಡ್ ಎಳೆದು ಪಕ್ಕೆಗೆ ಬಿಟ್ಟಂತೆ ಚುರುಕ್ ಎನ್ನುವುದು ಇದು. ಇನ್ನೊಂದು ಆಳದ್ದು: ಪಕ್ಕೆಲುಬಿನ ಹೊರಪದರ, ಸ್ನಾಯು, ಮೂತ್ರಪಿಂಡದ ಹೊದಿಕೆ ಇವುಗಳಿಂದ ಬರುವ, ಇಂಥಲ್ಲೇ ಎಂದು ಬೆರಳಿಟ್ಟು ತೋರಿಸಲಾಗದ ಮಂದ ಯಾತನೆ. ಅಲೆಯ ಬೆನ್ನಿಗೇ ಹುಟ್ಟಿ ಒಡೆಯುವ ಸೂಕ್ಷ್ಮ ಗುಳ್ಳೆಗಳೂ ಇದಕ್ಕೆ ಕಾರಣ.

ಚರ್ಮದ ನೋವಿಗೆ ಎಂಜಿನಿಯರರು ಕಂಡುಕೊಂಡ ಉಪಾಯ ಸರಳವಾಗಿತ್ತು. ಅಲೆಯನ್ನು ಅಗಲವಾದ ಬಟ್ಟಲಿನಿಂದ ಕಳಿಸಿದರೆ ಚರ್ಮದ ಒಂದೊಂದು ಚದರ ಸೆಂಟಿಮೀಟರಿಗೂ ಬೀಳುವ ಹೊರೆ ಕಡಿಮೆ. 1980ರ ದಶಕದ ನಡುಭಾಗದಲ್ಲಿ ಎಚ್‌ಎಂ3ರ ಬಟ್ಟಲನ್ನು ಹಿಗ್ಗಿಸಿ, ವಿದ್ಯುತ್ ಶೇಖರಣೆಯನ್ನು 80 ನ್ಯಾನೊಫ್ಯಾರಡ್‌ನಿಂದ 40ಕ್ಕೆ ಇಳಿಸಿದರು. ಫ್ರಾನ್ಸ್‌ನ ಈಡಾಪ್, ಜರ್ಮನಿಯ ರಿಚರ್ಡ್ ವೋಲ್ಫ್ ಕಂಪನಿಗಳು ಇನ್ನೂ ಮುಂದೆ ಹೋಗಿ ಕಿಡಿಯನ್ನೇ ಕೈಬಿಟ್ಟವು. ಅಗಲವಾದ ಬಟ್ಟಲಿಗೆ ಹೊದಿಸಿದ ಪೀಜೋ ಸೆರಾಮಿಕ್ ತುಣುಕುಗಳು ಒಟ್ಟಿಗೆ ಮಿಡಿದು ಅಲೆ ಹುಟ್ಟಿಸುತ್ತಿದ್ದವು. ಸೀಮೆನ್ಸ್‌ನ ಲಿಥೋಸ್ಟಾರ್ ವಿದ್ಯುತ್ಕಾಂತದ ದಾರಿ ಹಿಡಿಯಿತು. ನೀರಿನ ತೊಟ್ಟಿಯ ಜಾಗಕ್ಕೆ ನೀರು ತುಂಬಿದ ದಿಂಬು, ಜೆಲ್ ಬಂದವು. ಪೀಜೋ ಯಂತ್ರದಲ್ಲಿ ರೋಗಿ ಅರಿವಳಿಕೆಯಿಲ್ಲದೆ ಮಲಗಿ, ಮಾತಾಡುತ್ತ ಚಿಕಿತ್ಸೆ ಮುಗಿಸಿಕೊಂಡು ನಡೆದು ಹೋಗುವುದು ಸಾಧ್ಯವಾಯಿತು.

ಇದು ಸಣ್ಣ ಸಾಧನೆಯಲ್ಲ. ಆದರೆ ಬೆಲೆ ತೆರಬೇಕಾಯಿತು. ಎಚ್‌ಎಂ3ರ ಅಲೆ ಒಂದೂವರೆ ಸೆಂಟಿಮೀಟರ್ ಆಸುಪಾಸಿನ ಅಗಲಕ್ಕೆ ಬೀಳುತ್ತಿತ್ತು. ಪೀಜೋ ಅಲೆಯ ಗುರಿ ಕೆಲವೇ ಮಿಲಿಮೀಟರ್. ಉಸಿರೆಳೆದಾಗ ಮೂತ್ರಪಿಂಡ ಕೆಳಗೆ ಜಾರುತ್ತದೆ, ಬಿಟ್ಟಾಗ ಮೇಲೇರುತ್ತದೆ. ಈ ಜೋಲಾಟ ಕೆಲವು ಸೆಂಟಿಮೀಟರಿನದು. ಗುರಿ ಚಿಕ್ಕದಾದಷ್ಟೂ ಏಟು ಕಲ್ಲಿನ ಪಕ್ಕಕ್ಕೆ ಬೀಳುವುದು ಹೆಚ್ಚು. ಮತ್ತೆ ಮತ್ತೆ ಚಿಕಿತ್ಸೆಗೆ ಬರಬೇಕಾದವರ ಪ್ರಮಾಣ ಏರಿತು. ತೊಟ್ಟಿಯ ಹಳೆಯ ಎಚ್‌ಎಂ3ಯೇ ಎಷ್ಟೋ ಕಾಲ ಮೂತ್ರಶಾಸ್ತ್ರಜ್ಞರ ಒರೆಗಲ್ಲಾಗಿ ಉಳಿಯಿತು. ಒಂದೇ ಬಾರಿಯ ಅರಿವಳಿಕೆ ತಪ್ಪಿಸಲು ಹೋಗಿ ಒಬ್ಬ ರೋಗಿಯನ್ನು ಮೂರು ಸಲ ಕರೆಸಿದರೆ ಅವನ ಒಟ್ಟು ನೋವು ಇಳಿಯಿತೆನ್ನಲಾಗದು. ‘ನೋವಿಲ್ಲದ ಯಂತ್ರ’ ಎಂಬ ಮಾತನ್ನು ಆ ಲೆಕ್ಕದಲ್ಲೇ ತೂಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಯಂತ್ರದವರು ಬಿಟ್ಟ ಜಾಗವನ್ನು ಔಷಧದವರು ತುಂಬಲು ಬಂದರು. ಪಕ್ಕೆಲುಬಿನ ನಡುವಣ ನರಗಳಿಗೆ ಮರಗಟ್ಟಿಸುವ ಮದ್ದು ಚುಚ್ಚಿ ನೋಡಿದರು. ಸ್ವೀಡನ್ನಿನ ಆಸ್ಟ್ರಾ ಕಂಪನಿ ರೂಪಿಸಿದ, ಲಿಡೊಕೇನ್ ಮತ್ತು ಪ್ರಿಲೊಕೇನ್ ಬೆರೆತ ಎಮ್ಲಾ ಮುಲಾಮನ್ನು ಗಂಟೆ ಮೊದಲೇ ಪಕ್ಕೆಗೆ ದಪ್ಪಗೆ ಬಳಿದು ಪ್ಲಾಸ್ಟಿಕ್ ಮುಚ್ಚಿ ಕಾಯುವುದು ಇನ್ನೊಂದು ದಾರಿ. ಕೆಲವು ಪ್ರಯೋಗಗಳಲ್ಲಿ ಇದರಿಂದ ಇತರ ನೋವುಮದ್ದು ಕಡಿಮೆ ಸಾಕಾಯಿತು, ಕೆಲವುಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಮುಲಾಮು ಇಳಿಯುವುದು ಚರ್ಮದ ಕೆಲವು ಮಿಲಿಮೀಟರ್ ಮಾತ್ರ, ಆಳದ ನೋವಿಗೆ ಅದು ತಲುಪದು. ಆಳಕ್ಕೆ ಬೇಕಾದದ್ದು ರಕ್ತನಾಳಕ್ಕೆ ಕೊಡುವ ಮದ್ದು. ಫೆಂಟನಿಲ್, ಆಲ್ಫೆಂಟನಿಲ್, ಆಮೇಲೆ ರೆಮಿಫೆಂಟನಿಲ್, ಜೊತೆಗೆ ಮಂಪರು ತರಿಸಲು ಮಿಡಜೊಲಾಮ್ ಅಥವಾ ಪ್ರೊಪೊಫಾಲ್. ಏಟು ನಿಂತೊಡನೆ ನೋವೂ ನಿಲ್ಲುವ ಚಿಕಿತ್ಸೆಯಿದು, ಹಾಗಾಗಿ ಬೇಗ ಏರಿ ಬೇಗ ಇಳಿಯುವ ಮದ್ದುಗಳು ಇಲ್ಲಿಗೆ ಹೇಳಿ ಮಾಡಿಸಿದಂತಿದ್ದವು. ಮದ್ದು ಹರಿಸುವ ಗುಂಡಿಯನ್ನು ರೋಗಿಯ ಕೈಗೇ ಕೊಟ್ಟು, ಬೇಕೆನಿಸಿದಾಗ ಒತ್ತಿಕೊಳ್ಳಿ ಎಂದ ಪ್ರಯೋಗಗಳೂ ನಡೆದವು. ಉಸಿರಾಟ ನಿಧಾನವಾಗುವ ಅಪಾಯ ಮಾತ್ರ ಸದಾ ಇದ್ದೇ ಇತ್ತು. ಡೈಕ್ಲೊಫೆನಾಕ್‌ನಂಥ ಮದ್ದಿಗೆ ಆ ಅಪಾಯವಿಲ್ಲ. ಆದರೆ ಅದು ರಕ್ತ ಹೆಪ್ಪುಗಟ್ಟುವುದನ್ನು ಕುಂದಿಸಿ, ಏಟು ತಿಂದ ಮೂತ್ರಪಿಂಡದ ಸುತ್ತ ರಕ್ತ ಕೂಡಿಸೀತೇ ಎಂಬ ಆತಂಕ ಇತ್ತು.

ತಿರುವು ಬಂದದ್ದು ಪ್ರಶ್ನೆಯೇ ಬದಲಾದಾಗ. ರೋಗಿ ಎಷ್ಟು ತಾಳುತ್ತಾನೆ ಎಂಬುದರ ಜಾಗದಲ್ಲಿ, ತಾಳುತ್ತಿರುವಾಗ ಕಲ್ಲಿಗೆ ಏನಾಗುತ್ತಿದೆ ಎಂದು ಕೇಳತೊಡಗಿದರು. 2002ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ, ಡೋರ್ನಿಯರ್‌ನದೇ ಡೋಲಿ ಯಂತ್ರದಲ್ಲಿ ಪೂರ್ಣ ಅರಿವಳಿಕೆ ಪಡೆದವರಲ್ಲಿ ಬರೀ ಮಂಪರಿನಲ್ಲಿದ್ದವರಿಗಿಂತ ಹೆಚ್ಚು ಜನ ಕಲ್ಲಿನಿಂದ ಮುಕ್ತರಾಗಿದ್ದರು. ಕಾರಣ ಊಹಿಸುವುದು ಕಷ್ಟವಲ್ಲ. ನೋವಿಗೆ ಮೈ ಬಿಗಿಯುತ್ತದೆ, ಉಸಿರು ಉದ್ದವಾಗುತ್ತದೆ, ಕಲ್ಲು ಗುರಿಯಿಂದ ಜಾರುತ್ತದೆ, ತಂತ್ರಜ್ಞ ಶಕ್ತಿ ಇಳಿಸುತ್ತಾನೆ. ಹಲ್ಲು ಕಚ್ಚಿ ತಡೆದುಕೊಂಡ ರೋಗಿಯನ್ನು ‘ಗಟ್ಟಿಗ’ ಎಂದು ಮೆಚ್ಚುತ್ತೇವೆ. ಅವನ ಬಿಗಿದ ಪಕ್ಕೆ ಚಿಕಿತ್ಸೆಯನ್ನೇ ಕೆಡಿಸುತ್ತಿರಬಹುದು. ನೋವಿನಿಂದಾಗುವ ಚಲನೆಯನ್ನೂ ಅತಿಯಾದ ಉಸಿರಾಟವನ್ನೂ ತಡೆಯುವುದರಿಂದ ಫಲಿತಾಂಶ ಸುಧಾರಿಸುತ್ತದೆ ಎಂದು ಯುರೋಪಿನ ಮೂತ್ರಶಾಸ್ತ್ರ ಸಂಘದ ಮಾರ್ಗಸೂಚಿ ಈಗ ಸ್ಪಷ್ಟವಾಗಿ ಹೇಳುತ್ತದೆ.

ಇದೇ ಕಾಲಕ್ಕೆ ಏಟಿನ ಲಯವೂ ಬದಲಾಯಿತು. ನಿಮಿಷಕ್ಕೆ 120ರ ಬದಲು 60 ಏಟು ಕೊಟ್ಟರೆ ಕಲ್ಲು ಹೆಚ್ಚು ಚೆನ್ನಾಗಿ ಪುಡಿಯಾಗುತ್ತದೆ ಎಂದು ಪ್ರಯೋಗಗಳು ತೋರಿಸಿದವು. ಹಿಂದಿನ ಏಟಿನ ಗುಳ್ಳೆಗಳು ಚದುರಲು ಬಿಡುವು ಸಿಕ್ಕಿದರೆ ಮುಂದಿನ ಅಲೆ ತಡೆಯಿಲ್ಲದೆ ಹೋಗುತ್ತದೆ. ಮೂರು ಸಾವಿರ ಏಟಿಗೆ 25 ನಿಮಿಷದ ಬದಲು 50 ನಿಮಿಷ ಮಲಗಬೇಕು ಎಂಬುದು ಅದರ ಇನ್ನೊಂದು ಮುಖ. ಜೊತೆಗೆ, ಕಡಿಮೆ ಶಕ್ತಿಯಿಂದ ಶುರುಮಾಡಿ ಹಂತ ಹಂತವಾಗಿ ಏರಿಸುವ ಪದ್ಧತಿ ನೆಲೆಯಾಯಿತು. ಇದರಿಂದ ರೋಗಿ ಏಟಿಗೆ ಒಗ್ಗಿಕೊಳ್ಳುತ್ತಾನೆ. ಆರಂಭದ ಮೆಲ್ಲನೆಯ ಏಟುಗಳು ಮೂತ್ರಪಿಂಡದ ರಕ್ತನಾಳಗಳನ್ನು ಕುಗ್ಗಿಸಿ, ಅದಕ್ಕಾಗುವ ಪೆಟ್ಟನ್ನು ತಗ್ಗಿಸುತ್ತವೆ ಎಂದು ಇಂಡಿಯಾನಾದಲ್ಲಿ ಹಂದಿಗಳ ಮೇಲೆ ನಡೆದ ಅಧ್ಯಯನಗಳು ಸೂಚಿಸಿದವು.

ಇಂದು ಚಿಕಿತ್ಸೆಯ ಮೇಜಿನ ಮೇಲೆ ನಡೆಯುವುದು ಇದು: ಜೆಲ್ ಸವರಿ, ಗುಳ್ಳೆ ಉಳಿಯದಂತೆ ಕೈಯಿಂದ ಒತ್ತಿ, ದಿಂಬನ್ನು ಪಕ್ಕೆಗೆ ತಾಗಿಸುತ್ತಾರೆ. ಟಕ್, ಟಕ್ ಎಂದು ಮೊದಲ ಏಟುಗಳು ಮೆಲ್ಲಗೆ ಬೀಳುತ್ತವೆ. ತಂತ್ರಜ್ಞ ಕ್ಷಣ ನಿಲ್ಲಿಸಿ ರೋಗಿಯ ಮುಖ ನೋಡುತ್ತಾನೆ. ‘ಹೇಗಿದೆ, ತಡೀತೀರಾ? ಇನ್ನೊಂಚೂರು ಜಾಸ್ತಿ ಮಾಡ್ಲಾ?’